ಕೊಳವೆ ಚೌಕಟ್ಟಿನ ಬೆಸುಗೆ: ವೆಲ್ಡರ್ ಅರ್ಹತಾ ಪತ್ರದ ವ್ಯಾಪ್ತಿ ಎಷ್ಟು?

ಕಾರ್ಖಾನೆಯ ಚಾವಣಿ, ರಸ್ತೆ ದಾಟುವ ಪಾದಚಾರಿ ಮೇಲ್ಸೇತುವೆ, ಬಸ್ ನಿಲ್ದಾಣದ ಮಾಡು, ಜಾಹೀರಾತು ಫಲಕದ ಚೌಕಟ್ಟು - ಇವೆಲ್ಲವುಗಳಲ್ಲಿ ಇಂದು ದುಂಡನೆಯ ಅಥವಾ ಚೌಕಾಕಾರದ ಉಕ್ಕಿನ ಕೊಳವೆಗಳ ಬಳಕೆ ಸಾಮಾನ್ಯವಾಗಿದೆ. ಕಡಿಮೆ ತೂಕದಲ್ಲಿ ಹೆಚ್ಚು ಭಾರ ಹೊರುವುದು ಕೊಳವೆಯ ಗುಣ. ಆದರೆ ಆ ಭಾರವೆಲ್ಲ ಒಂದು ಕೊಳವೆಯಿಂದ ಇನ್ನೊಂದಕ್ಕೆ ದಾಟಬೇಕಾದರೆ ಇರುವ ದಾರಿ ಒಂದೇ: ಅವುಗಳನ್ನು ಕೂಡಿಸುವ ಬೆಸುಗೆ. ಆ ಬೆಸುಗೆಯನ್ನು ಹಾಕುವ ವ್ಯಕ್ತಿ ಅದಕ್ಕೆ ಅರ್ಹನೇ ಎಂಬುದನ್ನು ತೋರಿಸುವ ದಾಖಲೆಯೇ ವೆಲ್ಡರ್ ಅರ್ಹತಾ ಪತ್ರ.

ಈ ಪತ್ರದ ಬಗ್ಗೆ ಕಟ್ಟಡ ಮಾಲೀಕರಲ್ಲಿಯೂ, ಗುತ್ತಿಗೆದಾರರಲ್ಲಿಯೂ, ಅನೇಕ ವೇಳೆ ಸ್ವತಃ ಬೆಸುಗೆಗಾರರಲ್ಲಿಯೂ ಒಂದು ತಪ್ಪು ತಿಳಿವಳಿಕೆ ಇದೆ. ‘ಸರ್ಟಿಫಿಕೇಟ್ ಇದೆ’ ಎಂದರೆ ಎಲ್ಲ ಬಗೆಯ ಬೆಸುಗೆಗೂ ಪರವಾನಗಿ ದೊರೆತಂತೆ ಎಂಬುದೇ ಆ ಭಾವನೆ. ವಾಸ್ತವದಲ್ಲಿ ಅರ್ಹತಾ ಪತ್ರವು ಒಂದು ನಿರ್ದಿಷ್ಟ ಪರೀಕ್ಷೆಯ ಫಲಿತಾಂಶ ಮಾತ್ರ. ಯಾವ ವಿಧಾನ, ಯಾವ ಭಂಗಿ, ಎಷ್ಟು ವ್ಯಾಸ, ಎಷ್ಟು ದಪ್ಪ ಎಂಬ ಎಲ್ಲೆಗಳು ಅದರಲ್ಲಿ ಬರೆದಿರುತ್ತವೆ. ತಟ್ಟೆಯ ಮೇಲೆ ಉತ್ತೀರ್ಣನಾದವನು ಕೊಳವೆಗೂ ಅರ್ಹನೆಂದಾಗಲಿ, ನೇರ ಕೊಳವೆಗೆ ಅರ್ಹನಾದವನು ಓರೆ ಜೋಡಣೆಗೂ ಅರ್ಹನೆಂದಾಗಲಿ ಭಾವಿಸುವಂತಿಲ್ಲ.

ಕೊಳವೆ ಏಕೆ ಬೇರೆ?

ಎರಡು ತಟ್ಟೆಗಳನ್ನು ಬೆಸೆಯುವಾಗ ಸಂದು ನೇರವಾಗಿರುತ್ತದೆ, ಕೈಯ ಕೋನ ಬದಲಾಗುವುದಿಲ್ಲ. ಅಗತ್ಯ ಬಿದ್ದರೆ ತಟ್ಟೆಯನ್ನು ತಿರುಗಿಸಿ ಹಿಂಬದಿಯಿಂದಲೂ ಬೆಸುಗೆ ಹಾಕಬಹುದು. ನೆಲೆಗೊಂಡ ಕೊಳವೆಯ ಸುತ್ತ ಬೆಸೆಯುವಾಗ ಪರಿಸ್ಥಿತಿ ಹೀಗಿಲ್ಲ. ಕೆಳಗಿನಿಂದ ಆರಂಭಿಸಿದರೆ ಮೊದಲು ತಲೆಯ ಮೇಲಿನ ಬೆಸುಗೆ, ಬದಿಗೆ ಬಂದಾಗ ಲಂಬ ಬೆಸುಗೆ, ಮೇಲೇರಿದಾಗ ಸಮತಟ್ಟಿನ ಬೆಸುಗೆ - ಹೀಗೆ ಒಂದೇ ಸುತ್ತಿನಲ್ಲಿ ಭಂಗಿ ನಿರಂತರವಾಗಿ ಬದಲಾಗುತ್ತದೆ. ಕರಗಿದ ಲೋಹ ಒಂದೆಡೆ ಜೋತು ಬೀಳಲು, ಇನ್ನೊಂದೆಡೆ ಒಳಕ್ಕೆ ಕುಸಿಯಲು ಹವಣಿಸುತ್ತಿರುತ್ತದೆ. ವಿದ್ಯುತ್ ಪ್ರವಾಹ ಮತ್ತು ಕೈಯ ವೇಗವನ್ನು ಅದಕ್ಕೆ ತಕ್ಕಂತೆ ಹೊಂದಿಸುವ ಹೊಣೆ ಬೆಸುಗೆಗಾರನದು.

ಒಂದು ಕೊಳವೆಯ ಮೈಗೆ ಇನ್ನೊಂದು ಕೊಳವೆಯ ತುದಿಯನ್ನು ಓರೆಯಾಗಿ ಕೂಡಿಸುವಾಗ ಕಷ್ಟ ಇಮ್ಮಡಿಸುತ್ತದೆ. ಇಂತಹ ಜೋಡಣೆಗಳನ್ನು ಅವುಗಳ ಆಕಾರದ ಆಧಾರದಲ್ಲಿ ಟಿ, ವೈ ಮತ್ತು ಕೆ ಜೋಡಣೆಗಳೆಂದು ಕರೆಯಲಾಗುತ್ತದೆ. ಇಲ್ಲಿ ಸಂದು ಕುದುರೆಯ ಜೀನಿನಂತೆ ಬಾಗಿರುತ್ತದೆ. ಓರೆ ಕೊಳವೆಯ ಒಂದು ಬದಿಯಲ್ಲಿ ಕೋನ ವಿಶಾಲವಾಗಿದ್ದರೆ ಎದುರು ಬದಿಯಲ್ಲಿ ಕಿರಿದಾಗಿ, ಎಲೆಕ್ಟ್ರೋಡ್ ಒಳಗೆ ತಲುಪುವುದೇ ಕಷ್ಟವಾಗುತ್ತದೆ. ಒಳಭಾಗಕ್ಕೆ ಕೈ ಹೋಗದು, ಹಿಂಬದಿಗೆ ಆಸರೆ ಪಟ್ಟಿ ಇಡುವುದೂ ಸುಲಭವಲ್ಲ. ಬೆಸುಗೆಯನ್ನು ಹೊರಗಿನಿಂದಲೇ ತಳದವರೆಗೆ ತುಂಬಬೇಕು.

ಪರಿಶೀಲನೆಯೂ ಇಲ್ಲಿ ಕಠಿಣ. ನೇರ ಕೊಳವೆಯ ಸಂದನ್ನು ಕ್ಷ-ಕಿರಣ ಚಿತ್ರ ತೆಗೆದು ನೋಡಬಹುದು. ಓರೆ ಜೋಡಣೆಯಲ್ಲಿ ಅದು ಬಹುಮಟ್ಟಿಗೆ ಕಾರ್ಯಸಾಧ್ಯವಲ್ಲ, ಶ್ರವಣಾತೀತ ತರಂಗಗಳ ಪರೀಕ್ಷೆಗೂ ವಿಶೇಷ ತರಬೇತಿ ಪಡೆದವರೇ ಬೇಕು. ಬೆಸುಗೆಯ ಬಳಿಕ ದೋಷ ಪತ್ತೆ ಮಾಡುವುದು ಎಷ್ಟು ಕಷ್ಟವೋ, ಬೆಸುಗೆಗೆ ಮೊದಲೇ ಬೆಸುಗೆಗಾರನ ಕೈಯನ್ನು ಪರೀಕ್ಷಿಸುವ ಅಗತ್ಯ ಅಷ್ಟೇ ಹೆಚ್ಚು. ಕೊಳವೆಗೆ ಪ್ರತ್ಯೇಕ ಅರ್ಹತಾ ಪರೀಕ್ಷೆ ಇರುವುದರ ಮೂಲ ಕಾರಣ ಇದು.

ಸಣ್ಣ ಬೆಸುಗೆ, ದೊಡ್ಡ ದುರಂತ

ಕೊಳವೆ ರಚನೆಯಲ್ಲಿ ‘ಮುಖ್ಯವಲ್ಲದ ಬೆಸುಗೆ’ ಎಂಬುದು ಇಲ್ಲವೆಂಬುದಕ್ಕೆ ಉತ್ತರ ಸಮುದ್ರದಲ್ಲಿ ನಡೆದ ಅಲೆಕ್ಸಾಂಡರ್ ಕೀಲ್ಯಾಂಡ್ ದುರಂತ ಸಾಕ್ಷಿ. ನಾರ್ವೆಯ ಎಕೋಫಿಸ್ಕ್ ತೈಲ ಕ್ಷೇತ್ರದಲ್ಲಿ ಕಾರ್ಮಿಕರ ವಸತಿಗೆ ಬಳಕೆಯಾಗುತ್ತಿದ್ದ ಈ ತೇಲು ವೇದಿಕೆ 1980ರ ಮಾರ್ಚ್ 27ರಂದು ಮಗುಚಿತು. ಅದರಲ್ಲಿದ್ದ 212 ಮಂದಿಯಲ್ಲಿ 123 ಮಂದಿ ಪ್ರಾಣ ಕಳೆದುಕೊಂಡರು.

ವೇದಿಕೆ ಐದು ಕಂಬಗಳ ಮೇಲೆ ನಿಂತಿತ್ತು. ಕಂಬಗಳನ್ನು ಭಾರಿ ವ್ಯಾಸದ ಕೊಳವೆ ತೊಲೆಗಳು ಹಿಡಿದಿದ್ದವು. ಅವುಗಳಲ್ಲೊಂದು ತೊಲೆಗೆ ಹೈಡ್ರೋಫೋನ್ ಎಂಬ ಸಮುದ್ರದಡಿಯ ಶಬ್ದಗ್ರಾಹಕವನ್ನು ಕೂರಿಸುವ ಚಿಕ್ಕ ಆಧಾರವೊಂದನ್ನು 6 ಮಿ.ಮೀ. ಅಳತೆಯ ಫಿಲೆಟ್ ಬೆಸುಗೆಯಿಂದ ಅಂಟಿಸಲಾಗಿತ್ತು. ಈ ಬೆಸುಗೆಯ ಆಕಾರ ಕಳಪೆಯಾಗಿತ್ತು. ಅಲ್ಲಿ ಹುಟ್ಟಿದ ಬಿರುಕು ಅಲೆಗಳ ಹೊಡೆತಕ್ಕೆ ಬೆಳೆಯುತ್ತ ತೊಲೆಯನ್ನೇ ಸುತ್ತುವರಿಯಿತು. ತೊಲೆ ತುಂಡಾಯಿತು, ಅದರ ಬೆನ್ನಿಗೆ ಆ ಕಂಬವನ್ನು ಹಿಡಿದಿದ್ದ ಉಳಿದ ತೊಲೆಗಳೂ ಮುರಿದು ಕಂಬವೇ ಕಳಚಿಹೋಯಿತು. ಬಿರುಕಿನೊಳಗೆ ಬಣ್ಣದ ಕುರುಹು ಪತ್ತೆಯಾದುದರಿಂದ, ವೇದಿಕೆ ನಿರ್ಮಾಣದ ಅಂಗಳವನ್ನು ಬಿಡುವ ಮೊದಲೇ ಬಿರುಕಿನ ಒಂದು ಭಾಗ ಅಲ್ಲಿತ್ತು ಎಂಬ ನಿರ್ಣಯಕ್ಕೆ ತನಿಖೆ ಬಂದಿತು.

ದುರಂತಕ್ಕೆ ಬೆಸುಗೆಯೊಂದೇ ಕಾರಣವಲ್ಲ. ಒಂದು ತೊಲೆ ಹೋದರೆ ಭಾರವನ್ನು ಹೊರುವ ಬದಲಿ ವ್ಯವಸ್ಥೆ ವಿನ್ಯಾಸದಲ್ಲಿ ಇರಲಿಲ್ಲ. ಆದರೂ ಸಾಮಾನ್ಯ ಉಪಕರಣವೊಂದಕ್ಕೆ ಹಾಕಿದ ಸಾಮಾನ್ಯ ಬೆಸುಗೆಯೂ ಮುಖ್ಯ ತೊಲೆಯ ಮೈಮೇಲಿರುವಾಗ ಅಷ್ಟೇ ಅರ್ಹತೆಯ ಕೈಯನ್ನು ಬೇಡುತ್ತದೆ ಎಂಬುದು ಅದರ ಪಾಠ. ಚಾವಣಿ ಕಟ್ಟಿ ಮುಗಿದ ಮೇಲೆ ದೀಪ, ನೀರಿನ ಕೊಳವೆ ಅಥವಾ ಫಲಕ ತೂಗುಹಾಕಲು ಸಿಕ್ಕವರಿಂದ ಕೊಂಡಿ ಬೆಸೆಯಿಸುವ ರೂಢಿಗೂ ಈ ಮಾತು ಅನ್ವಯಿಸುತ್ತದೆ.

ಮೂರು ಬಗೆಯ ದಾಖಲೆ

ಬೆಸುಗೆಗಾರರ ಬಳಿ ಇರುವ ಪತ್ರಗಳು ಎಲ್ಲವೂ ಒಂದೇ ಅಲ್ಲ. ಅವುಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ಗುರುತಿಸಬಹುದು.

ಮೊದಲನೆಯದು ತರಬೇತಿ ಪ್ರಮಾಣಪತ್ರ. ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ, ಅಂದರೆ ಐಟಿಐಗಳಲ್ಲಿ, ವೆಲ್ಡರ್ ವೃತ್ತಿಯ ಕೋರ್ಸ್ ಒಂದು ವರ್ಷದ್ದು. ಅದನ್ನು ಮುಗಿಸಿ ರಾಷ್ಟ್ರೀಯ ಮಟ್ಟದ ಪರೀಕ್ಷೆಯಲ್ಲಿ ಉತ್ತೀರ್ಣರಾದವರಿಗೆ ವೃತ್ತಿ ಪ್ರಮಾಣಪತ್ರ ದೊರೆಯುತ್ತದೆ. ಸಾಮಾನ್ಯ ವೆಲ್ಡರ್ ವೃತ್ತಿಯ ಜತೆಗೆ ಕೊಳವೆ ಬೆಸುಗೆ ಹಾಗೂ ರಚನಾ ಬೆಸುಗೆಗೆ ಪ್ರತ್ಯೇಕ ಪಠ್ಯಕ್ರಮಗಳೂ ಇವೆ. ಈ ಪತ್ರವು ವ್ಯಕ್ತಿ ವೃತ್ತಿಯನ್ನು ಕಲಿತಿದ್ದಾನೆ ಎಂದು ಹೇಳುತ್ತದೆಯೇ ವಿನಾ ನಿರ್ದಿಷ್ಟ ಕಾಮಗಾರಿಯ ನಿರ್ದಿಷ್ಟ ಜೋಡಣೆಗೆ ಅರ್ಹನೆಂದು ಹೇಳುವುದಿಲ್ಲ.

ಎರಡನೆಯದು ಕಾರ್ಯನಿರ್ವಹಣಾ ಅರ್ಹತಾ ಪತ್ರ. ಈ ಲೇಖನದ ವಿಷಯ ಇದೇ. ಒಂದು ಸಂಹಿತೆಯ ಪ್ರಕಾರ ಪರೀಕ್ಷಾ ತುಂಡನ್ನು ಬೆಸೆಯಿಸಿ, ಅದನ್ನು ಕತ್ತರಿಸಿ, ಬಾಗಿಸಿ ನೋಡಿ ನೀಡಲಾಗುವ ದಾಖಲೆ.

ಮೂರನೆಯದು ಬಾಯ್ಲರ್ ಹಾಗೂ ಹಬೆ ಕೊಳವೆಗಳಿಗೆ ಸಂಬಂಧಿಸಿದ್ದು. ಇದು ಕಾನೂನಿನ ಅಡಿಯಲ್ಲಿ ಬರುತ್ತದೆ. 1923ರ ಬಾಯ್ಲರ್ ಕಾಯ್ದೆಯ ಸ್ಥಾನದಲ್ಲಿ ಈಗ 2025ರ ಕಾಯ್ದೆ ಜಾರಿಯಲ್ಲಿದೆ. 1950ರ ಭಾರತೀಯ ಬಾಯ್ಲರ್ ನಿಯಮಾವಳಿಯಲ್ಲಿ ಬೆಸುಗೆಗಾರರ ಪರೀಕ್ಷೆಗೆಂದೇ ಒಂದು ಅಧ್ಯಾಯವಿದೆ. ಒತ್ತಡವನ್ನು ತಡೆಯುವ ಕೊಳವೆ ಮತ್ತು ಭಾರವನ್ನು ಹೊರುವ ಕೊಳವೆ ನೋಡಲು ಒಂದೇ ಆದರೂ ಅವುಗಳ ನಿಯಮಗಳು ಬೇರೆ ಎಂಬುದು ಗಮನಾರ್ಹ.

ಯಾವ ಸಂಹಿತೆ?

ರಚನಾ ಕಾರ್ಯದ ಕೊಳವೆಗಳಿಗೆ ಭಾರತೀಯ ಮಾನಕ ಬ್ಯೂರೋದ ಐಎಸ್ 1161 ಹಾಗೂ ಟೊಳ್ಳು ವಿಭಾಗಗಳಿಗೆ ಐಎಸ್ 4923 ಅನ್ವಯವಾಗುತ್ತವೆ. ಕೊಳವೆಗಳನ್ನು ಕಟ್ಟಡ ನಿರ್ಮಾಣದಲ್ಲಿ ಬಳಸುವ ಬಗೆಯನ್ನು ಐಎಸ್ 806 ವಿವರಿಸುತ್ತದೆ. ಬೆಸುಗೆಗಾರರ ಪರೀಕ್ಷೆಗೆ ಎರಡು ಮಾನಕಗಳಿವೆ. ಬೆಸುಗೆಯ ವಿಧಾನವನ್ನು ಮೊದಲೇ ಪರೀಕ್ಷಿಸಿ ಅನುಮೋದಿಸಿದ ಕಾಮಗಾರಿಗಳಿಗೆ ಐಎಸ್ 7310, ಅಂತಹ ಅನುಮೋದನೆ ಅಗತ್ಯವಿಲ್ಲದ ಕಾಮಗಾರಿಗಳಿಗೆ ಐಎಸ್ 7318. ಎರಡರ ಮೊದಲ ಭಾಗಗಳೂ 1974ರವು. ಬೆಸುಗೆಗಾರರ ತರಬೇತಿಯ ಕ್ರಮವನ್ನು ಐಎಸ್ 817 ತಿಳಿಸುತ್ತದೆ.

ದೊಡ್ಡ ಯೋಜನೆಗಳಲ್ಲಿ, ವಿಶೇಷವಾಗಿ ವಿದೇಶಿ ವಿನ್ಯಾಸಕಾರರು ಇರುವೆಡೆ, ಅಮೆರಿಕನ್ ವೆಲ್ಡಿಂಗ್ ಸೊಸೈಟಿಯ ಡಿ1.1 ಸಂಹಿತೆಯನ್ನು ಒಪ್ಪಂದದಲ್ಲಿ ನಮೂದಿಸುವುದುಂಟು. ಯುರೋಪಿನ ಪದ್ಧತಿಯಲ್ಲಿ ಐಎಸ್ಒ 9606-1 ಬಳಕೆಯಲ್ಲಿದೆ. ಒತ್ತಡದ ಕೊಳವೆಗಳಿಗೆ ಅಮೆರಿಕದ ಎಎಸ್ಎಂಇ ಸಂಹಿತೆಯ ಒಂಬತ್ತನೇ ವಿಭಾಗ ಪ್ರಸಿದ್ಧ. ಯಾವುದು ಅನ್ವಯವಾಗಬೇಕು ಎಂಬುದನ್ನು ನಿರ್ಧರಿಸುವುದು ಒಪ್ಪಂದ. ಆದ್ದರಿಂದ ಟೆಂಡರ್ ದಾಖಲೆಯಲ್ಲಿ ‘ಅರ್ಹ ವೆಲ್ಡರ್’ ಎಂದಷ್ಟೇ ಬರೆದರೆ ಸಾಲದು, ಸಂಹಿತೆಯ ಹೆಸರೂ ಇರಬೇಕು.

ಇಲ್ಲಿ ಇನ್ನೊಂದು ಎಲ್ಲೆಯನ್ನು ಗಮನಿಸಬೇಕು. ಡಿ1.1 ಸಂಹಿತೆ 3 ಮಿ.ಮೀ.ಗಿಂತ ತೆಳುವಾದ ಉಕ್ಕಿಗೆ ಅನ್ವಯವಾಗುವುದಿಲ್ಲ. ತೆಳು ಹಾಳೆಗಳಿಗೆ ಡಿ1.3 ಎಂಬ ಬೇರೆ ಸಂಹಿತೆ ಇದೆ. ಚಿಕ್ಕ ಶೆಡ್ಡುಗಳಿಗೆ ಬಳಸುವ 2 ಮಿ.ಮೀ. ದಪ್ಪದ ಚೌಕ ಕೊಳವೆಗಳಿಗೆ ದಪ್ಪ ಕೊಳವೆಯ ಅರ್ಹತಾ ಪತ್ರವನ್ನು ತೋರಿಸುವುದು ಈ ದೃಷ್ಟಿಯಿಂದ ಸರಿಯಲ್ಲ. ತೆಳು ಗೋಡೆ ಕ್ಷಣದಲ್ಲಿ ಸುಟ್ಟು ತೂತಾಗುತ್ತದೆ, ಅದಕ್ಕೆ ಬೇಕಾದ ಕೈಚಳಕವೇ ಬೇರೆ.

ಭಂಗಿಗಳ ಸಂಕೇತ

ಕಾಮಗಾರಿಯ ಸ್ಥಳದಲ್ಲಿ ‘ಪೊಸಿಷನ್’ ಎಂದೇ ಕರೆಯಲಾಗುವ ಭಂಗಿಗಳನ್ನು ಅಮೆರಿಕದ ಪದ್ಧತಿಯಲ್ಲಿ ಅಂಕಿ ಮತ್ತು ಅಕ್ಷರಗಳಿಂದ ಸೂಚಿಸಲಾಗುತ್ತದೆ. ಕೊಳವೆಗೆ ಸಂಬಂಧಿಸಿದವು ಹೀಗಿವೆ:

1ಜಿ - ಕೊಳವೆ ಅಡ್ಡಲಾಗಿದ್ದು, ಬೆಸೆಯುವಾಗ ಅದನ್ನು ಉರುಳಿಸುತ್ತ ಹೋಗಲಾಗುತ್ತದೆ. ಬೆಸುಗೆ ಸದಾ ಮೇಲ್ಭಾಗದಲ್ಲಿ ನಡೆಯುವುದರಿಂದ ಇದು ಎಲ್ಲಕ್ಕಿಂತ ಸುಲಭ.

2ಜಿ - ಕೊಳವೆ ನೆಟ್ಟಗೆ ನಿಂತಿರುತ್ತದೆ. ಸಂದು ಅಡ್ಡಲಾಗಿ ಸುತ್ತುತ್ತದೆ.

5ಜಿ - ಕೊಳವೆ ಅಡ್ಡಲಾಗಿದ್ದು ಕದಲುವುದಿಲ್ಲ. ಬೆಸುಗೆಗಾರನೇ ಅದರ ಸುತ್ತ ಹೋಗಬೇಕು.

6ಜಿ - ಕೊಳವೆ 45 ಡಿಗ್ರಿ ಓರೆಯಾಗಿ ನೆಲೆಗೊಂಡಿರುತ್ತದೆ. ಎಲ್ಲ ಭಂಗಿಗಳೂ ಒಂದೇ ಸಂದಿನಲ್ಲಿ ಬೆರೆತಿರುತ್ತವೆ.

6ಜಿಆರ್ - 6ಜಿ ಭಂಗಿಯ ಜತೆಗೆ ಸಂದಿನ ಪಕ್ಕದಲ್ಲಿ ಅಡ್ಡಿಯಾಗಿ ಒಂದು ಉಕ್ಕಿನ ಬಳೆ ಇರುತ್ತದೆ.

ತಟ್ಟೆಯ ಪರೀಕ್ಷೆಗೆ 1ಜಿಯಿಂದ 4ಜಿವರೆಗಿನ ಸಂಕೇತಗಳಿವೆ. ಪತ್ರದಲ್ಲಿ 3ಜಿ ಅಥವಾ 4ಜಿ ಎಂದಿದ್ದರೆ ಪರೀಕ್ಷೆ ತಟ್ಟೆಯ ಮೇಲೆ ನಡೆದಿದೆ ಎಂದರ್ಥ. ಡಿ1.1 ಪ್ರಕಾರ ತಟ್ಟೆಯ ಅರ್ಹತೆ 600 ಮಿ.ಮೀ.ಗಿಂತ ದೊಡ್ಡ ವ್ಯಾಸದ ಕೊಳವೆಗೆ ಮಾತ್ರ, ಅದೂ ಹಿಂಬದಿ ಆಸರೆ ಇದ್ದಾಗ ಅಥವಾ ಹಿಂಬದಿಯನ್ನು ಕೆತ್ತಿ ಮತ್ತೆ ಬೆಸೆದಾಗ ಸಲ್ಲುತ್ತದೆ. ಐಎಸ್ಒ ಪದ್ಧತಿಯಲ್ಲಿ ನೆಲೆಗೊಂಡ ಕೊಳವೆಗೆ ಈ ಮಿತಿ 500 ಮಿ.ಮೀ. ಅಷ್ಟು ದೊಡ್ಡ ವ್ಯಾಸದಲ್ಲಿ ಕೊಳವೆಯ ಬಾಗು ಅಲ್ಪವಾಗಿ, ಕೈಗೆ ಅದು ಬಹುಮಟ್ಟಿಗೆ ತಟ್ಟೆಯಂತೆಯೇ ಇರುತ್ತದೆ ಎಂಬುದು ಇದರ ಹಿಂದಿನ ತರ್ಕ. ಸಾಮಾನ್ಯ ಚಾವಣಿಗೆ ಬಳಸುವ 100 ಅಥವಾ 150 ಮಿ.ಮೀ. ಕೊಳವೆಗೆ ತಟ್ಟೆಯ ಪತ್ರ ಸಲ್ಲುವುದಿಲ್ಲ.

6ಜಿ ಮತ್ತು 6ಜಿಆರ್: ಒಂದಕ್ಷರದ ಅಂತರ

‘6ಜಿ ವೆಲ್ಡರ್’ ಎಂದರೆ ಉದ್ಯಮದಲ್ಲಿ ಗೌರವವಿದೆ, ವೇತನವೂ ಹೆಚ್ಚು. ಅದು ಸಹಜವೇ. ಆದರೆ ಓರೆ ಜೋಡಣೆಯಲ್ಲಿ ಹಿಂಬದಿ ಆಸರೆಯಿಲ್ಲದೆ ಹೊರಗಿನಿಂದಲೇ ಪೂರ್ಣ ಆಳದ ಬೆಸುಗೆ ಹಾಕಬೇಕಾದಲ್ಲಿ ಡಿ1.1 ಸಂಹಿತೆ ಕೇಳುವುದು 6ಜಿಆರ್ ಪರೀಕ್ಷೆಯನ್ನು.

ಈ ಪರೀಕ್ಷೆಯ ರಚನೆ ಅರ್ಥಪೂರ್ಣವಾಗಿದೆ. ಎರಡು ಕೊಳವೆಗಳಲ್ಲಿ ಒಂದರ ಅಂಚನ್ನು ಮಾತ್ರ 37.5 ಡಿಗ್ರಿ ಓರೆಯಾಗಿ ಕೊರೆಯಲಾಗುತ್ತದೆ, ಇನ್ನೊಂದರ ಅಂಚು ನೇರವಾಗಿಯೇ ಇರುತ್ತದೆ. ನಡುವೆ ಸುಮಾರು 3 ಮಿ.ಮೀ. ಸಂದು ಬಿಡಲಾಗುತ್ತದೆ. ಸಂದಿನಿಂದ 12 ಮಿ.ಮೀ. ಒಳಗೆ ಅಡ್ಡಿಯ ಬಳೆಯನ್ನು ಕೂರಿಸಲಾಗುತ್ತದೆ. ಈ ಬಳೆಯಿಂದಾಗಿ ಎಲೆಕ್ಟ್ರೋಡನ್ನು ಇಷ್ಟ ಬಂದ ಕೋನದಲ್ಲಿ ಹಿಡಿಯಲಾಗದು. ನಿಜವಾದ ಜೋಡಣೆಯಲ್ಲಿ ಪಕ್ಕದ ಕೊಳವೆ ಕೈಗೆ ಹೇಗೆ ಅಡ್ಡ ಬರುತ್ತದೆಯೋ ಪರೀಕ್ಷೆಯಲ್ಲಿ ಬಳೆ ಹಾಗೆಯೇ ಅಡ್ಡ ಬರುತ್ತದೆ.

ಚೌಕ ಕೊಳವೆಯಲ್ಲಿ ಮೂಲೆಗಳೇ ಅಪಾಯದ ತಾಣ. ಆದಕಾರಣ ಚೌಕ ಕೊಳವೆಗಳ ಓರೆ ಜೋಡಣೆಗೆ ಅರ್ಹನಾಗಬೇಕಾದವನ ಮೂಲೆಯ ಬೆಸುಗೆಯನ್ನು ಅಡ್ಡಲಾಗಿ ಕತ್ತರಿಸಿ, ನುಣುಪು ಮಾಡಿ, ಆಮ್ಲ ಹಚ್ಚಿ ಒಳಪದರಗಳನ್ನು ಪರಿಶೀಲಿಸಲಾಗುತ್ತದೆ. ಸಂದಿನ ಕೋನ 30 ಡಿಗ್ರಿಗಿಂತ ಕಿರಿದಾಗಿದ್ದರೆ 6ಜಿಆರ್ ಪತ್ರವೂ ಸಾಲದು, ಕಿರುಕೋನಕ್ಕೆಂದೇ ಇರುವ ಇನ್ನೊಂದು ಪರೀಕ್ಷೆ ಬೇಕು.

ಪರೀಕ್ಷೆ ಹೇಗೆ?

ಪರೀಕ್ಷೆಗೆ ಯಾವ ಕೊಳವೆ ಆರಿಸಲಾಗಿದೆ ಎಂಬುದರ ಮೇಲೆ ಅರ್ಹತೆಯ ಎಲ್ಲೆ ನಿಲ್ಲುತ್ತದೆ. ಡಿ1.1 ಪ್ರಕಾರ 2 ಅಥವಾ 3 ಅಂಗುಲದ ಕೊಳವೆಯಲ್ಲಿ ಉತ್ತೀರ್ಣನಾದವನು ಸುಮಾರು 20ರಿಂದ 100 ಮಿ.ಮೀ. ವ್ಯಾಸದವರೆಗೆ, 3ರಿಂದ 20 ಮಿ.ಮೀ. ದಪ್ಪದವರೆಗೆ ಬೆಸೆಯಬಹುದು. 6 ಅಥವಾ 8 ಅಂಗುಲದ ದಪ್ಪ ಕೊಳವೆಯಲ್ಲಿ ಉತ್ತೀರ್ಣನಾದವನಿಗೆ 100 ಮಿ.ಮೀ.ಗಿಂತ ಮೇಲಿನ ವ್ಯಾಸ, 5 ಮಿ.ಮೀ.ಗಿಂತ ಮೇಲಿನ ದಪ್ಪ ಸಲ್ಲುತ್ತದೆ. ಎರಡೂ ಬೇಕಿದ್ದರೆ ಎರಡು ಪರೀಕ್ಷೆ ಕೊಡಬೇಕು.

ಬೆಸುಗೆ ಮುಗಿದ ಮೇಲೆ ಮೊದಲು ಕಣ್ಣಿನ ಪರಿಶೀಲನೆ. ಬಿರುಕು ಕಂಡರೆ ಅಲ್ಲಿಗೇ ಮುಗಿಯಿತು. ಬಳಿಕ ಸುತ್ತಳತೆಯ ಗೊತ್ತಾದ ಜಾಗಗಳಿಂದ ಪಟ್ಟಿಗಳನ್ನು ಕತ್ತರಿಸಿ ಅಚ್ಚಿನಲ್ಲಿಟ್ಟು ಇಂಗ್ಲಿಷ್ ಅಕ್ಷರ ‘ಯು’ ಆಕಾರಕ್ಕೆ ಬಾಗಿಸಲಾಗುತ್ತದೆ. ಬಾಗಿದ ಹೊರಮೈಯಲ್ಲಿ ಒಂಟಿ ದೋಷ 3 ಮಿ.ಮೀ. ಮೀರಬಾರದು. 1 ಮಿ.ಮೀ.ಗಿಂತ ದೊಡ್ಡದಾದ ದೋಷಗಳ ಒಟ್ಟು ಮೊತ್ತ 10 ಮಿ.ಮೀ. ಮೀರಬಾರದು. ಅಂಚಿನ ಬಿರುಕಿಗೆ 6 ಮಿ.ಮೀ. ಮಿತಿ ಇದೆ. ಆ ಬಿರುಕು ಕಿಟ್ಟ ಸೇರಿದ್ದರಿಂದ ಅಥವಾ ಲೋಹ ಬೆರೆಯದೆ ಇದ್ದುದರಿಂದ ಆಗಿದೆ ಎಂದು ಕಂಡುಬಂದರೆ ಮಿತಿ 3 ಮಿ.ಮೀ.ಗೆ ಇಳಿಯುತ್ತದೆ. ಬಾಗಿಸುವ ಬದಲು ಕ್ಷ-ಕಿರಣ ಚಿತ್ರದ ಮೂಲಕ ಪರಿಶೀಲಿಸಲೂ ಸಂಹಿತೆ ಅವಕಾಶ ನೀಡುತ್ತದೆ, ಕೆಲವು ವಿಧಾನಗಳನ್ನು ಹೊರತುಪಡಿಸಿ.

ಒಮ್ಮೆ ಅನುತ್ತೀರ್ಣನಾದರೆ ಬಾಗಿಲು ಮುಚ್ಚಿದಂತಲ್ಲ. ತಕ್ಷಣವೇ ಮರುಪರೀಕ್ಷೆ ಬಯಸಿದರೆ ಸೋತ ಪ್ರತಿಯೊಂದು ಬಗೆಯಲ್ಲೂ ಎರಡು ತುಂಡುಗಳನ್ನು ಬೆಸೆದು ಎರಡರಲ್ಲೂ ತೇರ್ಗಡೆಯಾಗಬೇಕು. ಇಲ್ಲವೇ ಹೆಚ್ಚಿನ ತರಬೇತಿ ಅಥವಾ ಅಭ್ಯಾಸ ಪಡೆದು ಹೊಸದಾಗಿ ಪರೀಕ್ಷೆಗೆ ಕೂರಬಹುದು.

ಯಾವುದು ಬದಲಾದರೆ ಹೊಸ ಪರೀಕ್ಷೆ?

ಕೆಳಗಿನ ಬದಲಾವಣೆಗಳಲ್ಲಿ ಯಾವುದಾದರೂ ಒಂದು ಇದ್ದರೂ ಹಳೆಯ ಪತ್ರ ಆ ಕೆಲಸಕ್ಕೆ ಸಲ್ಲುವುದಿಲ್ಲ:

- ಬೆಸುಗೆಯ ವಿಧಾನ. ಎಲೆಕ್ಟ್ರೋಡ್ ಬಳಸುವ ಕೈಬೆಸುಗೆಗೆ ಪಡೆದ ಅರ್ಹತೆ ಟಿಗ್ ಅಥವಾ ಮಿಗ್ ಬೆಸುಗೆಗೆ ಅನ್ವಯಿಸದು.
- ಪರೀಕ್ಷೆ ವ್ಯಾಪಿಸದ ಭಂಗಿ, ವ್ಯಾಸ ಅಥವಾ ದಪ್ಪ.
- ಕೈಬೆಸುಗೆಯಲ್ಲಿ ಪರೀಕ್ಷೆಗೆ ಬಳಸಿದ್ದಕ್ಕಿಂತ ಮೇಲಿನ ಗುಂಪಿನ ಎಲೆಕ್ಟ್ರೋಡ್.
- ಲಂಬ ಬೆಸುಗೆಯಲ್ಲಿ ಸಾಗುವ ದಿಕ್ಕು. ಮೇಲ್ಮುಖವಾಗಿ ಪರೀಕ್ಷೆ ಕೊಟ್ಟವನು ಕೆಳಮುಖವಾಗಿ ಬೆಸೆಯುವಂತಿಲ್ಲ.
- ಹಿಂಬದಿ ಆಸರೆ. ಆಸರೆ ಇಟ್ಟು ಪರೀಕ್ಷೆ ಕೊಟ್ಟವನು ಆಸರೆಯಿಲ್ಲದ ಸಂದಿಗೆ ಅರ್ಹನಲ್ಲ.

ಇದಲ್ಲದೆ ಪ್ರತಿ ಕಾಮಗಾರಿಗೂ ಬೆಸುಗೆ ವಿಧಾನ ಪತ್ರವೊಂದು ಇರುತ್ತದೆ. ಯಾವ ಎಲೆಕ್ಟ್ರೋಡ್, ಎಷ್ಟು ಆಂಪಿಯರ್, ಎಷ್ಟು ಸಂದು, ಮೊದಲು ಕಾಯಿಸಬೇಕೇ ಎಂಬ ಸೂಚನೆಗಳು ಅದರಲ್ಲಿರುತ್ತವೆ. ವಿಧಾನ ಪತ್ರ ಬೆಸುಗೆ ಹೇಗಿರಬೇಕೆಂದು ಹೇಳಿದರೆ, ಅರ್ಹತಾ ಪತ್ರ ಅದನ್ನು ಹಾಕಬಲ್ಲವರು ಯಾರೆಂದು ಹೇಳುತ್ತದೆ. ಒಂದಿಲ್ಲದೆ ಇನ್ನೊಂದಕ್ಕೆ ಬೆಲೆಯಿಲ್ಲ.

ಅರ್ಹತೆ ಎಷ್ಟು ಕಾಲ?

ಡಿ1.1 ಸಂಹಿತೆಯಲ್ಲಿ ಅರ್ಹತೆಗೆ ಕೊನೆಯ ದಿನಾಂಕವಿಲ್ಲ. ಆದರೆ ಆ ವಿಧಾನದ ಬೆಸುಗೆಯಿಂದ 6 ತಿಂಗಳಿಗಿಂತ ಹೆಚ್ಚು ಕಾಲ ದೂರವಿದ್ದರೆ ಅರ್ಹತೆ ಕಳೆದುಹೋಗುತ್ತದೆ. ಬೆಸುಗೆಗಾರನ ಸಾಮರ್ಥ್ಯದ ಬಗ್ಗೆ ನಿರ್ದಿಷ್ಟ ಸಂದೇಹ ಉಂಟಾದರೂ ಮರುಪರೀಕ್ಷೆ ನಡೆಸಬೇಕು. ಎಎಸ್ಎಂಇ ಸಂಹಿತೆಯೂ 6 ತಿಂಗಳ ನಿಯಮವನ್ನೇ ಪಾಲಿಸುತ್ತದೆ.

ಐಎಸ್ಒ 9606-1 ಪ್ರಕಾರವೂ ಪ್ರತಿ 6 ತಿಂಗಳಿಗೊಮ್ಮೆ ಹೊಣೆಗಾರ ಅಧಿಕಾರಿ ಪತ್ರಕ್ಕೆ ದೃಢೀಕರಣದ ಸಹಿ ಹಾಕಬೇಕು. ಅದರ ಜತೆಗೆ ಮೂರು ವರ್ಷಕ್ಕೊಮ್ಮೆ ಹೊಸ ಪರೀಕ್ಷೆ, ಇಲ್ಲವೇ ಎರಡು ವರ್ಷಕ್ಕೊಮ್ಮೆ ಕಾಮಗಾರಿಯ ಬೆಸುಗೆಗಳ ಒಳ ಪರೀಕ್ಷೆಯ ದಾಖಲೆಗಳ ಮೂಲಕ ನವೀಕರಣ ಎಂಬ ಆಯ್ಕೆಗಳಿವೆ. ಗುಣಮಟ್ಟ ವ್ಯವಸ್ಥೆ ಹೊಂದಿದ ಅದೇ ಸಂಸ್ಥೆಯಲ್ಲಿ ಮುಂದುವರಿದರೆ ದೃಢೀಕರಣದ ಮೂಲಕವೇ ಅರ್ಹತೆ ಉಳಿಯುವ ಮೂರನೆಯ ದಾರಿಯೂ ಇದೆ.

ಕೈ ಬಿಟ್ಟ ವಿದ್ಯೆ ಮಂಕಾಗುತ್ತದೆ ಎಂಬ ಲೋಕಾನುಭವವೇ ಈ ನಿಯಮಗಳ ತಳಹದಿ. ಹತ್ತು ವರ್ಷಗಳ ಹಿಂದಿನ ಪತ್ರವನ್ನು ಪ್ಲಾಸ್ಟಿಕ್ ಹೊದಿಸಿ ಕಾಪಾಡಿಕೊಂಡ ಮಾತ್ರಕ್ಕೆ ಅದು ಜೀವಂತವಾಗಿ ಉಳಿಯದು. ಅದರ ಜತೆಗಿರಬೇಕಾದುದು ಕೆಲಸ ಮುಂದುವರಿದಿದೆ ಎಂಬ ದಾಖಲೆ.

ದಾಖಲೆ ಯಾರ ಕೈಯಲ್ಲಿ?

ಬೆಸುಗೆಗಾರರ ಬದುಕಿನ ಪ್ರಶ್ನೆ ಇರುವುದು ಇಲ್ಲಿಯೇ. ಅರ್ಹತಾ ಪರೀಕ್ಷೆ ನಡೆಸುವ ಹೊಣೆ ಗುತ್ತಿಗೆದಾರನದು, ದಾಖಲೆಯೂ ಅವನ ಕಡತದಲ್ಲಿರುತ್ತದೆ. ಕಾಮಗಾರಿ ಮುಗಿದು ಊರು ಬಿಟ್ಟ ಬೆಸುಗೆಗಾರನ ಕೈಯಲ್ಲಿ ಪ್ರತಿ ಇರದಿದ್ದರೆ ಮುಂದಿನ ಕಾಮಗಾರಿಯಲ್ಲಿ ಅವನು ಮತ್ತೆ ಮೊದಲಿನಿಂದ ಆರಂಭಿಸಬೇಕು, ಇಲ್ಲವೇ ಸಹಾಯಕನ ಕೂಲಿಗೆ ಒಪ್ಪಬೇಕು. ಸರಿಯಾದ ದಾಖಲೆಯಿದ್ದರೆ ಹಿಂದಿನ ಅರ್ಹತೆಯನ್ನು ಅಂಗೀಕರಿಸಲು ಯೋಜನೆಯ ಎಂಜಿನಿಯರ್‌ಗೆ ಡಿ1.1 ಅವಕಾಶ ನೀಡುತ್ತದೆ. ಅಮೆರಿಕನ್ ವೆಲ್ಡಿಂಗ್ ಸೊಸೈಟಿ ಪ್ರತ್ಯೇಕವಾಗಿ ನಡೆಸುವ ಯೋಜನೆಯಲ್ಲಿ ಪ್ರಮಾಣಪತ್ರ ವ್ಯಕ್ತಿಯ ಹೆಸರಿನಲ್ಲೇ ಇರುತ್ತದೆ, ಅದನ್ನೂ 6 ತಿಂಗಳಿಗೊಮ್ಮೆ ದೃಢಪಡಿಸಬೇಕು. ಪರೀಕ್ಷಾ ವರದಿಯ ಪ್ರತಿಯನ್ನು ಕೇಳಿ ಪಡೆಯುವುದು, ಪ್ರತಿ ಆರು ತಿಂಗಳಿಗೊಮ್ಮೆ ಮೇಲ್ವಿಚಾರಕರ ಸಹಿ ಹಾಕಿಸಿಕೊಳ್ಳುವುದು ಬೆಸುಗೆಗಾರರಿಗೆ ಹಿತಕರ.

ಪತ್ರ ಓದುವ ಕ್ರಮ

ಭಾರತದಲ್ಲಿ ವೆಲ್ಡಿಂಗ್ ಸಂಶೋಧನೆಗೆ ತಿರುಚಿರಾಪಳ್ಳಿಯ ಬಿಎಚ್ಇಎಲ್ ಆವರಣದ ವೆಲ್ಡಿಂಗ್ ಸಂಶೋಧನಾ ಸಂಸ್ಥೆಯಂತಹ ಕೇಂದ್ರಗಳಿವೆ, ಮಾನಕಗಳೂ ದಶಕಗಳಿಂದ ಇವೆ. ಕೊರತೆ ಇರುವುದು ಪತ್ರವನ್ನು ಓದುವಲ್ಲಿ. ಅಪಾರ್ಟ್‌ಮೆಂಟ್ ಸಂಘವಾಗಲಿ, ಶಾಲೆಯ ಆಡಳಿತ ಮಂಡಳಿಯಾಗಲಿ, ಸಣ್ಣ ಉದ್ಯಮಿಯಾಗಲಿ ಕೊಳವೆ ಚೌಕಟ್ಟು ಕಟ್ಟಿಸುವಾಗ ಕೆಳಗಿನ ಅಂಶಗಳನ್ನು ತಮ್ಮ ಎಂಜಿನಿಯರ್ ಮೂಲಕ ಖಚಿತಪಡಿಸಿಕೊಳ್ಳಬೇಕು:

1. ಪತ್ರದಲ್ಲಿ ಸಂಹಿತೆಯ ಹೆಸರು ಇದೆಯೇ, ಅದು ಒಪ್ಪಂದದಲ್ಲಿರುವುದೇ ಆಗಿದೆಯೇ?
2. ಪರೀಕ್ಷೆ ನಡೆದದ್ದು ತಟ್ಟೆಯ ಮೇಲೋ, ಕೊಳವೆಯ ಮೇಲೋ? ಭಂಗಿ ಯಾವುದು?
3. ಕಾಮಗಾರಿಯ ಕೊಳವೆಯ ವ್ಯಾಸ ಮತ್ತು ದಪ್ಪ ಪತ್ರದ ಎಲ್ಲೆಯೊಳಗೆ ಬರುತ್ತವೆಯೇ?
4. ಓರೆ ಜೋಡಣೆಗಳಿದ್ದರೆ ಅವುಗಳಿಗೆ ಅರ್ಹತೆ ಇದೆಯೇ?
5. ಕಳೆದ ಆರು ತಿಂಗಳಲ್ಲಿ ಅದೇ ವಿಧಾನದಲ್ಲಿ ಕೆಲಸ ಮಾಡಿದ ದಾಖಲೆ ಇದೆಯೇ?
6. ಪತ್ರದಲ್ಲಿ ಹೆಸರಿರುವ ವ್ಯಕ್ತಿಯೇ ಚೌಕಟ್ಟಿನ ಮೇಲೆ ಕುಳಿತು ಬೆಸುಗೆ ಹಾಕುತ್ತಿದ್ದಾನೆಯೇ?

ಕೊನೆಯ ಪ್ರಶ್ನೆ ಸರಳವೆನಿಸಿದರೂ ಉಳಿದ ಐದು ಪ್ರಶ್ನೆಗಳ ಉತ್ತರಕ್ಕೆ ಬೆಲೆ ಬರುವುದು ಅದರಿಂದಲೇ. ಬಣ್ಣ ಬಳಿದ ಮೇಲೆ ಒಳ್ಳೆಯ ಬೆಸುಗೆ ಯಾವುದು, ಕೆಟ್ಟದ್ದು ಯಾವುದು ಎಂಬುದು ಕೆಳಗೆ ನಿಂತು ನೋಡುವವರಿಗೆ ತಿಳಿಯದು. ಅದನ್ನು ತಿಳಿದುಕೊಳ್ಳಲು ಇರುವ ಸಮಯ ಬೆಸುಗೆಗೆ ಮುಂಚಿನದು ಮಾತ್ರ.